ಸೋಡಿಯಂನ ಫೋರ್ತ್ ಸೀಟ್: ಪರಮಾಣುವಿನ ಕಣಗಳನ್ನು ಎಣಿಸುವುದು ಹೇಗೆ

ಡೊಂಬಿವಲಿಯಲ್ಲಿರುವ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಹೋದಾಗ, ಯಾವ ಧಾತುವಿನಲ್ಲಿ ಎಷ್ಟು ಪ್ರೋಟಾನ್, ಎಷ್ಟು ನ್ಯೂಟ್ರಾನ್ ಅಂತ ಸುಮ್ನೆ ಉರು ಹೊಡೆಯುತ್ತಾ ಕೂತಿದ್ದಳು. "ನಾಳೆ ಟೆಸ್ಟು ಮಾಮಾ." ಇದಕ್ಕೆ ಉರು ಬೇಕಾಗಿಯೇ ಇಲ್ಲ. ಎರಡು ಅಂಕಿ ಸಾಕು.

ಪೀರಿಯಾಡಿಕ್ ಟೇಬಲ್, ಅಂದರೆ ಧಾತುಗಳ ಪಟ್ಟಿ, ಎದುರಿಗಿಟ್ಟುಕೊಂಡು ಸೋಡಿಯಂ ಮನೆ ನೋಡಿ. 11 ಅಂತ ಒಂದು, ಸುಮಾರು 23 ಅಂತ ಇನ್ನೊಂದು. ಚಿಕ್ಕದು ಪ್ರೋಟಾನ್ ಲೆಕ್ಕ. ಅದನ್ನು ಮಾತ್ರ ಮುಟ್ಟಬೇಡಿ: 11 ಇದ್ದರೆ ಸೋಡಿಯಂ, 12 ಆಯಿತೋ ಅದು ಮೆಗ್ನೀಸಿಯಂ. ಪ್ರೋಟಾನ್ ಪ್ಲಸ್, ಎಲೆಕ್ಟ್ರಾನ್ ಮೈನಸ್, ಎರಡೂ ಸಮ ಇರಬೇಕು, ಹಾಗಾಗಿ ಎಲೆಕ್ಟ್ರಾನೂ 11. ಇನ್ನು ದೊಡ್ಡದು, 23, ತೂಕದ ಅಂಕಿ: ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಲೆಕ್ಕ. ಅದರಲ್ಲಿ 11 ಕಳೆಯಿರಿ, 12 ನ್ಯೂಟ್ರಾನ್. ಎಲೆಕ್ಟ್ರಾನಿನ ತೂಕ ಯಾಕೆ ಹಿಡಿಯಲಿಲ್ಲ ಅಂದರೆ, ಒಂದು ಪ್ರೋಟಾನ್ ಅದಕ್ಕಿಂತ ಸುಮಾರು 1836 ಪಟ್ಟು ಭಾರ.

ನ್ಯೂಟ್ರಾನಿಗೆ ಚಾರ್ಜೇ ಇಲ್ಲ. ಎಲೆಕ್ಟ್ರಾನ್ 1897ರಲ್ಲೇ ವಿಜ್ಞಾನಿ ಥಾಮ್ಸನ್ ಕೈಗೆ ಸಿಕ್ಕಿತ್ತು, ಇದು ಇನ್ನೊಬ್ಬ ವಿಜ್ಞಾನಿ ಚಾಡ್ವಿಕ್‌ಗೆ ಸಿಕ್ಕಿದ್ದು 1932ರಲ್ಲಿ. ಪ್ಲಸ್ಸಿಗೂ ಓಗೊಡಲ್ಲ, ಮೈನಸ್ಸಿಗೂ ಓಗೊಡಲ್ಲ, ಹುಡುಕೋದು ಕಷ್ಟ ಅಲ್ವಾ.

ಈಗ ಎಲೆಕ್ಟ್ರಾನ್‌ಗಳನ್ನು ಕೂರಿಸೋಣ. ಒಳಗಿನ ಸುತ್ತಿನಲ್ಲಿ 2, ಅದರಾಚೆ 8, ಉಳಿದದ್ದು ಮೂರನೆಯದಕ್ಕೆ, ಅಲ್ಲೂ 8 ಸೀಟು. ಸೋಡಿಯಂನಲ್ಲಿ 2, 8, 1. ಆ ಕೊನೆಯ ಒಂದು ಇದೆಯಲ್ಲ, ಅದು ಮುಂಬೈ ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿನ ತುದಿಗೆ ಅರ್ಧಂಬರ್ಧ ಕೂತ ಫೋರ್ತ್ ಸೀಟ್ ಗಿರಾಕಿ, ಬೇರೆ ಕಡೆ ಜಾಗ ಕಂಡರೆ ಸಾಕು ಎದ್ದು ಹೋಗುತ್ತಾನೆ. ಕ್ಲೋರಿನ್‌ನಲ್ಲಿ 17, ಅಂದರೆ 2, 8, 7, ಸರಿಯಾಗಿ ಒಂದು ಸೀಟು ಖಾಲಿ! ಇವನು ಅಲ್ಲಿಗೆ ಹೋದ. ಸೋಡಿಯಂ ಪ್ಲಸ್ ಆಯಿತು, ಕ್ಲೋರಿನ್ ಮೈನಸ್ ಆಯಿತು, ಎರಡೂ ಅಂಟಿಕೊಂಡವು. ಅಡುಗೆ ಉಪ್ಪು ಅಂದರೆ ಇಷ್ಟೇ. ಮೊದಲ 20 ಧಾತುಗಳಿಗೆ ಈ 2, 8, 8 ಲೆಕ್ಕ ನಡೆಯುತ್ತದೆ, ಆಮೇಲೆ ಸೀಟಿನ ವ್ಯವಸ್ಥೆ ಸ್ವಲ್ಪ ಗೋಜಲು.

ಅಷ್ಟರಲ್ಲಿ ಹುಡುಗಿ ಕ್ಲೋರಿನ್ ಮನೆಯಲ್ಲಿದ್ದ 35.5 ತೋರಿಸಿ, "ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು?" ಅಂದಳು. ಒಳ್ಳೇ ಪ್ರಶ್ನೆ. ಅರ್ಧ ಯಾವುದೂ ಇರಲ್ಲ. ಕ್ಲೋರಿನ್‌ನಲ್ಲಿ ಎರಡು ಬಗೆ: ನಾಲ್ಕರಲ್ಲಿ ಹೆಚ್ಚುಕಮ್ಮಿ ಮೂರು 35ರವು, ಒಂದು 37ರದು. ಪ್ರೋಟಾನ್ ಎರಡರಲ್ಲೂ 17, ನ್ಯೂಟ್ರಾನ್ ಮಾತ್ರ 18 ಇಲ್ಲವೇ 20. ಸರಾಸರಿ ತೆಗೆದರೆ 35.5. ಟೇಬಲ್ಲಿನಲ್ಲಿ ಇರೋದು ಆ ಸರಾಸರಿ.

ಚಿತ್ರ ಬರೆಯುವಾಗ ಒಂದು ಗೊತ್ತಿರಲಿ, ಪುಸ್ತಕದ ಚಿತ್ರದಲ್ಲಿ ನ್ಯೂಕ್ಲಿಯಸ್ಸು, ಅಂದರೆ ಪ್ರೋಟಾನ್, ನ್ಯೂಟ್ರಾನ್ ಒಟ್ಟಿಗಿರುವ ನಡುಭಾಗ, ವಿಪರೀತ ದೊಡ್ಡದು. ಪರಮಾಣು ವಾಂಖೆಡೆ ಮೈದಾನದಷ್ಟಿದ್ದರೆ ನ್ಯೂಕ್ಲಿಯಸ್ಸು ಪಿಚ್ಚಿನ ನಡುವೆ ಬಿದ್ದ ಸಾಸಿವೆ ಕಾಳು. ಅಳತೆಗೆ ಸರಿಯಾಗಿ ಬರೆಯಲು ನೋಟ್‌ಬುಕ್ಕಿನಲ್ಲಿ ಜಾಗ ಸಾಲಲ್ಲ, ಪುಸ್ತಕದಲ್ಲಿ ಇದ್ದ ಹಾಗೇ ಬರೆಯಿರಿ, ಮಾರ್ಕ್ಸ್ ಅದಕ್ಕೇ ಕೊಡೋದು.