ಕೇಪಿನ ಕೋವಿಯ ಹಟಮಾರಿ ಸ್ಕ್ರೂ

ಕೊಡಗಿನ ಮನೆಗಳಲ್ಲಿ ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಹಳೇ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಕೋವಿ) ಇಳಿಸಿ ಒರೆಸಲು ಕೂತಾಗಲೇ ಗೊತ್ತಾಗುವುದು, ಮಳೆಗಾಲ ಅದರೊಳಗೆ ಏನು ಮಾಡಿದೆ ಎಂದು. ಮದ್ದು ಉರಿದ ಕಿಟ್ಟ ತೇವ ಎಳೆದುಕೊಂಡು ಥ್ರೆಡ್ಡಿಗೆ ಇಳಿದಿದ್ದರೆ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ.

ಮೊದಲು ಈಡು, ಅಂದರೆ ತುಂಬಿದ ಮದ್ದುಗುಂಡು, ಒಳಗಿದೆಯೇ ನೋಡಿ. ಕೇಪು ಕೂರಿಸುವ ಸಣ್ಣ ಕೊಳವೆಯಾದ ನಿಪ್ಪಲ್ ಮೇಲೆ ಕೇಪಿದ್ದರೆ ತೆಗೆಯಿರಿ. ಬಾಯಿ ನಿಮ್ಮ ಕಡೆಗಿರದಂತೆ ಹಿಡಿದು ಮದ್ದು ಜಡಿಯುವ ಗಜದ ಕೋಲನ್ನು ನಳಿಗೆಗೆ ಪೂರ್ತಿ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಅದೇ ಕೋಲನ್ನು ಹೊರಗೆ ನಳಿಗೆಯ ಪಕ್ಕ ಇಟ್ಟು ಅಳೆಯಿರಿ. ತುದಿ ನಿಪ್ಪಲ್ ಹತ್ತಿರಕ್ಕೂ ಬರದಿದ್ದರೆ ಒಳಗೇನೋ ಇದೆ. ಕೆಲಸ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಮಸಿಮದ್ದು ಎಷ್ಟು ವರ್ಷ ಕಳೆದರೂ ಸಿಡಿಯುವ ಗುಣ ಬಿಡುವುದಿಲ್ಲ.

ಹಳೇ ಸ್ಕ್ರೂಗಳು ಹಾಳಾಗುವುದು ತುಕ್ಕಿಗಿಂತ ಹೆಚ್ಚಾಗಿ ಸ್ಕ್ರೂಡ್ರೈವರಿನಿಂದ. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಓರೆ. ಕೋವಿಯ ಸ್ಕ್ರೂ ತಲೆಯ ಸೀಳಿಗೆ ಗೋಡೆ ನೇರ, ಅಗಲ ಕಡಿಮೆ. ತಿರುವಿದೊಡನೆ ಬೆಣೆ ಮೇಲೇಳುತ್ತದೆ, ಸೀಳಿನ ಅಂಚು ಕಿತ್ತುಬರುತ್ತದೆ. ಆದ್ದರಿಂದ ಹಳೆಯ ಸ್ಕ್ರೂಡ್ರೈವರೊಂದರ ಎರಡೂ ಮೈಯನ್ನು ಅರದಿಂದ ಉಜ್ಜಿ ಸಮಾನಾಂತರ ಮಾಡಿ. ಅದು ಸೀಳಿನ ತಳ ಮುಟ್ಟಬೇಕು, ಉದ್ದಕ್ಕೆ ತುಂಬಬೇಕು, ಆದರೆ ತಲೆಗಿಂತ ಅಗಲ ಇರಬಾರದು. ಇದ್ದರೆ ಸುತ್ತಲ ಲೋಹಕ್ಕೆ ಗೀರು. ಸೀಳಿನ ಕಿಟ್ಟವನ್ನು ದಬ್ಬಣದ ಮೊನೆಯಿಂದ ಪೂರ್ತಿ ಕೆರೆಯಿರಿ.

ಲೋಹಕ್ಕೆ ಕೂತ ಸ್ಕ್ರೂವಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಕಡ್ಡಿಯ ತುದಿಯಿಂದ ಒಂದು ಹನಿ ಬಿಡಿ. ಬೆಳಿಗ್ಗೆ, ಸಂಜೆ, ಹೀಗೆ ಎರಡು ಮೂರು ದಿನ. ಸುರಿಯಬೇಡಿ, ಮರ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗುತ್ತದೆ. ನಂತರ ಕೋವಿಯನ್ನು ಮಡಚಿದ ಗೋಣಿಯ ಮೇಲೆ ಭದ್ರವಾಗಿಟ್ಟು, ಸ್ಕ್ರೂಡ್ರೈವರ್ ನೆಟ್ಟಗೆ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಹಗುರ ಏಟು ಕೊಡಿ. ತುಕ್ಕಿನ ಹಿಡಿತ ಬಿರುಕು ಬಿಡುವುದು ಈ ಅದುರಿಗೇ. ಆಮೇಲೆ ಮೈಭಾರ ಹಾಕಿ ಒತ್ತಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ ತಿರುವಿ.

ಇದಕ್ಕೂ ಜಗ್ಗದಿದ್ದರೆ, ನಳಿಗೆ ಖಾಲಿ ಎಂಬುದು ಖಾತ್ರಿಯಾಗಿದ್ದರೆ ಮಾತ್ರ, ಎಣ್ಣೆ ಒರೆಸಿ ತೆಗೆದು ಬೆಸುಗೆ ಹಾಕುವ ವಿದ್ಯುತ್ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಎರಡು ಮೂರು ನಿಮಿಷ ತಾಗಿಸಿ. ಆರಿದ ಮೇಲೆ ಮತ್ತೆ ಪ್ರಯತ್ನಿಸಿ. ಮರಕ್ಕೇ ಕೊರೆದ ಸ್ಕ್ರೂಗಳಿಗಂತೂ ಎಣ್ಣೆಗಿಂತ ಇದೇ ಒಳ್ಳೆಯದು. ಗ್ಯಾಸ್ ಟಾರ್ಚ್ ಮಾತ್ರ ಬೇಡವೇ ಬೇಡ: ಸ್ಪ್ರಿಂಗಿನ ಹದ ಹೋಗುತ್ತದೆ, ಮರ ಸುಡುತ್ತದೆ.

ಪಕ್ಕದ ಸ್ಕ್ರೂ ಬಿಚ್ಚಿ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಕೂತ ತಗಡು ಎತ್ತುವ ಮುಂಚೆ ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ. ನಳಿಗೆಯ ಹಿಂಬದಿಯ ಮುಚ್ಚಳದ ತಂಟೆಗೆ ಹೋಗಬೇಡಿ. ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಕೋವಿಯ ಚಿತ್ರ ಗೀಚಿ ಅವುಗಳ ಜಾಗದಲ್ಲೇ ಚುಚ್ಚಿಡಿ. ಕೈಯಲ್ಲಿ ಮಾಡಿದವು, ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲ, ಪೇಟೆಯ ಸ್ಕ್ರೂ ಮೊದಲೇ ಕೂರುವುದಿಲ್ಲ. ಮರಳಿ ಹಾಕುವಾಗ ಥ್ರೆಡ್ಡಿಗೆ ಚಿಟಿಕೆ ಗ್ರೀಸ್ ಸವರಿ. ಒಳ್ಳೆಯ ಕೋವಿಗಳಲ್ಲಿ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೇ ನಿಲ್ಲುವಂತೆ ಮಾಡಿರುತ್ತಾರೆ. ಸೀಳು ಆ ಗೆರೆಗೆ ಬಂದೊಡನೆ ಕೈ ತೆಗೆಯಿರಿ.