ಬೀಜದ ಟಗರಿಗೆ ನಾನು ಮೊದಲು ನೋಡುವುದು ಅದರ ತಾಯಿಯನ್ನು

ಮೊದಲೆಲ್ಲ ಹಾಲು ಬಿಡಿಸುವ ಹೊತ್ತಿಗೆ ಯಾವ ಗಂಡು ಮರಿ ದಪ್ಪಗೆ ಕಾಣುತ್ತಿತ್ತೋ ಅದನ್ನೇ ಬೀಜಕ್ಕೆ ಉಳಿಸುತ್ತಿದ್ದೆ. ಒಂಟಿಯಾಗಿ ಹುಟ್ಟಿದ ಮರಿಗೆ ತಾಯಿಯ ಹಾಲೆಲ್ಲ ಸಿಗುತ್ತದೆ, ಅದಕ್ಕೇ ಹಾಗೆ ಕಾಣುತ್ತದೆ ಅನ್ನೋದು ಹೊಳೆದಿರಲಿಲ್ಲ. ಪಕ್ಕದಲ್ಲೇ ಇದ್ದ ಅವಳಿ ಮರಿ ಸ್ವಲ್ಪ ಸಣ್ಣದು ಅಂತ ಮಾರಿಬಿಡುತ್ತಿದ್ದೆ. ಎಂಥ ಮರಿಗಳು ಕೈಬಿಟ್ಟು ಹೋದವೋ ಅಂತ ಈಗಲೂ ಸಂಕಟವಾಗುತ್ತದೆ.

ಈಗ ಮರಿ ಹುಟ್ಟಿದ ದಿನವೇ ಪುಸ್ತಕದಲ್ಲಿ ಬರೆಯುತ್ತೇನೆ. ತೂಕ, ಒಂಟಿಯೋ ಅವಳಿಯೋ, ತಾಯಿಯ ನಂಬರ್. ಮೂರು ತಿಂಗಳಿಗೆ ಮತ್ತೆ ತೂಕ. ಅವಳಿಯನ್ನು ಅವಳಿಗಳ ಜೊತೆಗೇ ಹೋಲಿಸುತ್ತೇನೆ. ತಾಯಿ ಎರಡೂ ಮರಿಗಳನ್ನು ಹಾಲು ಕೊಟ್ಟು ಸಾಕಿತಾ, ಸುಲಭವಾಗಿ ಈಯಿತಾ, ಕೆಚ್ಚಲು ಹೇಗಿದೆ, ಇದೆಲ್ಲ ನೋಡಲೇಬೇಕು. ಟಗರು ಹಾಲು ಕೊಡಲ್ಲ ನಿಜ, ನಾಳೆ ಅದರ ಹೆಣ್ಣು ಮರಿಗಳು ಕೊಡಬೇಕಲ್ವಾ?

ಆಮೇಲೆ ಮೈ ಪರೀಕ್ಷೆ. ಕೆಳಗಿನ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. ಕಾಲು ನೆಟ್ಟಗಿರಬೇಕು. ಬೀಜ, ಅಂದರೆ ವೃಷಣ, ಎರಡೂ ಒಂದೇ ಗಾತ್ರವಿದ್ದು, ಮುಟ್ಟಿದರೆ ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕು. ಒಂದೇ ಬೀಜ ಇಳಿದಿದ್ದರೆ ಮರಿ ಎಷ್ಟೇ ಚೆಂದವಿದ್ದರೂ ಬೇಡ, ಆ ದೋಷ ಮುಂದಿನ ಮರಿಗಳಿಗೂ ಬರಬಹುದು.

ಆರಿಸಿದ ಮರಿಗಳನ್ನು ನಾಲ್ಕು ತಿಂಗಳೊಳಗೆ ಹೆಣ್ಣುಗಳಿಂದ ಬೇರೆ ಮಾಡುತ್ತೇನೆ. ಬೇಗ ಬೆಳೆಯಲಿ ಅಂತ ಕಾಳು, ತೌಡು ಸುರಿಯಬೇಡಿ. ಅವುಗಳಲ್ಲಿ ರಂಜಕ ಜಾಸ್ತಿ. ಗಂಡಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಒಳ್ಳೆಯ ಟಗರೊಂದನ್ನು ನಾನು ಹೀಗೇ ಕಳೆದುಕೊಂಡೆ. ಮೇವು ಮುಖ್ಯ, ನೀರು ಸದಾ ಇರಬೇಕು. ಮುದ್ದಿಗೆ ಅಂತ ಹಣೆ ಉಜ್ಜುವುದೂ ಬೇಡ, ದೊಡ್ಡದಾದ ಮೇಲೆ ಅದೇ ಹಣೆಯಿಂದ ಗುದ್ದುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಒಂದು ಜ್ವರ. ಟಗರು ಎರಡು ವಾರದಲ್ಲಿ ಗೆಲುವಾಯಿತು ಅಂತ ಹಿಂಡಿಗೆ ಬಿಟ್ಟೆ. ಅದರ ಎದೆಗೆ ಬಣ್ಣ ಬಳಿದಿದ್ದೆ, ಟಗರು ಮೇಲೆ ಹಾರಿದ ಕುರಿಯ ಬೆನ್ನಿಗೆ ಆ ಬಣ್ಣ ಹತ್ತುತ್ತದೆ. ಗಬ್ಬ ನಿಲ್ಲದ ಕುರಿ ಮತ್ತೆ ಬೆದೆಗೆ ಬರುವ 17ನೇ ದಿನದ ಹೊತ್ತಿಗೆ ಬಣ್ಣ ಬದಲಿಸಿದೆ. ಅವೇ ಕುರಿಗಳ ಬೆನ್ನ ಮೇಲೆ ಹೊಸ ಬಣ್ಣವೂ ಬಂತು! ಅಂದರೆ ಒಂದೂ ಗಬ್ಬ ನಿಂತಿರಲಿಲ್ಲ. ವೀರ್ಯ ತಯಾರಾಗಲು ಸುಮಾರು 7 ವಾರ ಬೇಕು. ಜ್ವರದ ಬಿಸಿಗೆ ಕೆಟ್ಟದ್ದು ಟಗರು ಓಡಾಡಿದ ಮಾತ್ರಕ್ಕೆ ಸರಿಹೋಗಲ್ಲ. ಈಗ ಬಿಡುವ ಎರಡು ತಿಂಗಳ ಮೊದಲೇ ಗೊರಸು ಕತ್ತರಿಸಿ, ಜಂತುಹುಳುವಿನ ಔಷಧ ಹಾಕಿ, ನೆರಳು ಮಾಡಿ, ಮೇವು ಸುಧಾರಿಸುತ್ತೇನೆ. ಬಲಿತ ಟಗರಿಗೆ 25-30 ಕುರಿ, ಮೊದಲ ಸಲದ್ದಕ್ಕೆ ಅದರ ಅರ್ಧ.

ಈಗಿರುವ ಟಗರು ಅವಳಿಯಲ್ಲಿ ಸಣ್ಣದಾಗಿದ್ದದ್ದು. ಹಿಂದಿನ ನಾನಾಗಿದ್ದರೆ ಮಾರುತ್ತಿದ್ದೆ. ಸದ್ಯದಲ್ಲೇ ಅದರ ಹೆಣ್ಣು ಮರಿಗಳು ಬೆದೆಗೆ ಬರುತ್ತವೆ, ಹಾಗಾಗಿ ಬೇರೆ ಹಿಂಡಿಗೆ ಕೊಡಲೇಬೇಕು. ಕೊಡುವಾಗ ಪುಸ್ತಕದಲ್ಲಿರುವ ಅದರ ತಾಯಿಯ ಹಾಳೆಯನ್ನೂ ನಕಲು ಮಾಡಿ ಜೊತೆಗೆ ಕೊಡುತ್ತೇನೆ.