ಬೈಗುಳದ ಪುಸ್ತಕ ಓದಿ ಹಾಲು ಬಿಟ್ಟೆ, ಮೊಸರು ಬಿಡೋಕೆ ಬೇರೇನೋ ಬೇಕಾಯಿತು

ನೀವು ವೀಗನ್ (ಮಾಂಸದ ಜೊತೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವರು) ಆಗಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಪುಸ್ತಕದ ಹೆಸರು ಹೇಳಲು ನನಗೆ ಈಗಲೂ ಸಂಕೋಚ. ‘ಸ್ಕಿನ್ನಿ ಬಿಚ್’. ಹಿರಿಯರ ಎದುರು ಬಾಯಿ ಬಿಟ್ಟು ಹೇಳುವಂಥ ಹೆಸರಲ್ಲ. ಅತ್ತೆ ಕೇಳಿದಾಗ “ಯಾವುದೋ ಇಂಗ್ಲಿಷ್ ಪುಸ್ತಕ” ಅಂತ ತೇಲಿಸಿಬಿಟ್ಟಿದ್ದೆ.

2005ರ ಕೊನೆಯಲ್ಲಿ ಫಿಲಡೆಲ್ಫಿಯಾದ ರನ್ನಿಂಗ್ ಪ್ರೆಸ್ ಹೊರತಂದ ಪುಸ್ತಕ ಅದು. ಬರೆದವರು ಇಬ್ಬರು ಹೆಂಗಸರು: ಮಾಡೆಲ್‌ಗಳ ಏಜೆಂಟ್ ಆಗಿದ್ದ ರೋರಿ ಫ್ರೀಡ್‌ಮನ್ ಮತ್ತು ಸ್ವತಃ ಮಾಡೆಲ್ ಆಗಿದ್ದ ಕಿಮ್ ಬಾರ್ನೊಯಿನ್. 2007ರಲ್ಲಿ ಬ್ರಿಟನ್ನಿನ ಗಾಯಕಿ ವಿಕ್ಟೋರಿಯಾ ಬೆಕಮ್ ಲಾಸ್ ಏಂಜಲೀಸಿನ ಒಂದು ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದಿದ್ದ ಫೋಟೊ ಪತ್ರಿಕೆಗಳಲ್ಲಿ ಬಂದದ್ದೇ ತಡ, ಪುಸ್ತಕ ಹುಚ್ಚೆದ್ದು ಮಾರಾಟವಾಯಿತು. ನಾನಾಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಹೆಂಗಸರ ನಡುವೆ ಅದರದ್ದೇ ಮಾತು.

ಅದರ ಉಪಾಯ ಸರಳ. ಮುಖಪುಟದಲ್ಲಿ ಬಳುಕುವ ಹುಡುಗಿಯ ಚಿತ್ರ; ವೀಗನ್ ಅನ್ನುವ ಸುಳಿವೇ ಇಲ್ಲ. ತೆಳ್ಳಗಾಗಬೇಕು ಅಂತ ಕೊಂಡವಳು ಮೊದಲು ಸೋಡಾ, ಸಕ್ಕರೆಗೆ ಬೈಸಿಕೊಳ್ಳುತ್ತಾಳೆ, ಹಾಗೇ ಪುಟ ತಿರುಗಿಸುತ್ತ ಕಸಾಯಿಖಾನೆಯ ಬಾಗಿಲಿಗೆ ಬಂದು ನಿಂತಿರುತ್ತಾಳೆ. ಸಾಲುಸಾಲಿಗೂ ಹೊಲಸು ಬೈಗುಳ, ಓದುವವಳಿಗೆ ನೇರವಾಗಿ ‘ದಪ್ಪಿ’, ‘ಹಂದಿ’ ಅನ್ನುವ ಮಾತು. ಕಾಫಿ ಕುಡಿಯುವವರನ್ನೂ ಬಿಟ್ಟಿಲ್ಲ. ಮೈಸೂರಿನಲ್ಲಿ ಬೆಳೆದವಳಿಗೆ ಡಿಕಾಕ್ಷನ್ನಿಗೆ ಬೈದರೆ ಹೇಗಾಗಬೇಡ! ಆ ಜಾಗದಲ್ಲೇ ಪುಸ್ತಕ ಮುಚ್ಚಿಡಬೇಕಿತ್ತು.

ಮುಚ್ಚಲಿಲ್ಲ, ಯಾಕೆಂದರೆ ಮಾಂಸದ ಅಧ್ಯಾಯ ಬಂತು. ಹುಟ್ಟಿನಿಂದ ಸಸ್ಯಾಹಾರಿಯಾದ ನನಗೆ ಅದನ್ನು ಓದುವುದು ಒಂಥರಾ ಸುಖವೇ ಆಗಿತ್ತು. ಬೈಸಿಕೊಳ್ಳುತ್ತಿರುವವರು ಬೇರೆ ಯಾರೋ, ನಾನು ಪಕ್ಕದಲ್ಲಿ ಕೂತು ತಲೆ ಆಡಿಸುವವಳು. ಪುಟ ತಿರುಗಿತು. ಮುಂದಿನದು ಹಾಲಿನ ಅಧ್ಯಾಯ.

ಅಲ್ಲಿ ಹೇಳಿದ್ದು ಏನು ಮಹಾ? ಹಸು ಹಾಲು ಕೊಡುವುದು ಕರು ಹಾಕಿದ್ದಕ್ಕೆ, ಆ ಹಾಲು ಕರುವಿನದು, ಗಂಡು ಕರುವಾದರೆ ಡೈರಿಯವನಿಗೆ ಬೇಡ. ಇದನ್ನು ಅಮೆರಿಕದ ಇಬ್ಬರು ಬಂದು ನನಗೆ ಹೇಳಬೇಕಿರಲಿಲ್ಲ. ಅಜ್ಜಿಯ ಊರಿನ ಕೊಟ್ಟಿಗೆಯಲ್ಲಿ ನೋಡಿದ್ದೇ: ಹಸು ತೊರೆ ಬಿಡುವವರೆಗೆ ಕರುವನ್ನು ಕೆಚ್ಚಲಿಗೆ ಬಿಡುವುದು, ಆಮೇಲೆ ಬಾಯಿ ಬಿಡಿಸಿ ಎಳೆದು ಗೂಟಕ್ಕೆ ಕಟ್ಟುವುದು, ಅದು ಮೂತಿಯಲ್ಲಿ ನೊರೆ ಇಟ್ಟುಕೊಂಡೇ ಹಗ್ಗ ಜಗ್ಗುವುದು. ನಾಟಿ ಹಸು ಇದ್ದ ಕಾಲಕ್ಕೆ ಹೋರಿಗರು ಎತ್ತಾಗುತ್ತಿತ್ತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ ಮಿಶ್ರತಳಿ ಬಂದು, ಉಳುಮೆಗೆ ಟ್ರ್ಯಾಕ್ಟರೂ ಬಂದ ಮೇಲೆ ಗಂಡು ಕರು ಒಂದು ದಿನ ಕೊಟ್ಟಿಗೆಯಲ್ಲಿ ಕಾಣುತ್ತಿರಲಿಲ್ಲ. ಎಲ್ಲಿ ಹೋಯಿತು ಅಂತ ಮಕ್ಕಳು ಕೇಳುತ್ತಿರಲಿಲ್ಲ, ದೊಡ್ಡವರು ಹೇಳುತ್ತಿರಲಿಲ್ಲ. ಪುಸ್ತಕ ನನಗೆ ಹೊಸದೇನೂ ಕಲಿಸಲಿಲ್ಲ. ಕಂಡದ್ದನ್ನು ಕಂಡೇ ಇಲ್ಲ ಅನ್ನುವ ಸೌಕರ್ಯವನ್ನು ಕಿತ್ತುಕೊಂಡಿತು. ಫ್ರಿಜ್ಜಿನಲ್ಲಿದ್ದ ಹಾಲಿನ ಕ್ಯಾನು ಆ ವಾರವೇ ಹೋಯಿತು.

ಹಾಗಾದರೆ ಬೈಗುಳ ಕೆಲಸ ಮಾಡಿತಲ್ಲ ಅನ್ನಬಹುದು. ಮಾಡಿತು, ಆದರೆ ಒಂದು ಷರತ್ತಿನ ಮೇಲೆ. ಆ ಪುಸ್ತಕವನ್ನು ನಾನೇ ದುಡ್ಡು ಕೊಟ್ಟು ತಂದಿದ್ದೆ, ಬಾಗಿಲು ಹಾಕಿಕೊಂಡು ಒಬ್ಬಳೇ ಓದಿದ್ದೆ. ಬೈದದ್ದು ಯಾರಿಗೂ ಕೇಳಿಸಲಿಲ್ಲ. ಅದೇ ಮಾತನ್ನು ಸಹೋದ್ಯೋಗಿಯೊಬ್ಬಳು ಊಟದ ಟೇಬಲ್ಲಿನಲ್ಲಿ ಇನ್ನೊಬ್ಬಳ ಚೀಸ್ ಪೀಜಾ ನೋಡಿ ಅಂದಳು. ಪುಸ್ತಕದ್ದೇ ಸಾಲು, ನಗುನಗುತ್ತಲೇ. ಪೀಜಾ ತಿನ್ನುತ್ತಿದ್ದವಳು ಮಾತಾಡದೆ ಇನ್ನೊಂದು ತುಂಡು ತೆಗೆದುಕೊಂಡಳು. ಹಟಕ್ಕೇ ತಿಂದಳು, ನೋಡಿದರೆ ಗೊತ್ತಾಗುತ್ತಿತ್ತು. ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲೇ ಇದರ ಬಗ್ಗೆ ಬರೆದಿದ್ದಾರೆ: ಆಯ್ಕೆ ಕೈತಪ್ಪುತ್ತಿದೆ ಅನ್ನಿಸಿದ ಕೂಡಲೇ ಮನುಷ್ಯನಿಗೆ ಬೇಡ ಅಂದದ್ದೇ ಬೇಕೆನ್ನಿಸುತ್ತದೆ. ನಮ್ಮ ಅಜ್ಜಿಯರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ.

ಇನ್ನು ದಪ್ಪ-ತೆಳ್ಳಗಿನ ವಿಷಯ. ಪುಸ್ತಕದ ಕೊನೆಯಲ್ಲಿ ಅವರೇ ಒಪ್ಪಿಕೊಳ್ಳುತ್ತಾರೆ, ತೆಳ್ಳಗಾಗುವುದು ನಮಗೆ ಮುಖ್ಯವಲ್ಲ ಅಂತ. ಪ್ರಾಣಿಗಳ ಮಾತಿಗೆ ಕಿವಿಗೊಡದವರನ್ನು ಸೊಂಟದ ಸುತ್ತಳತೆಯ ಆಸೆ ತೋರಿಸಿ ಕರೆತಂದದ್ದು. ಜಾಣತನ ನಿಜ. ಆದರೆ ತೂಕಕ್ಕಾಗಿ ಬಂದವರು ತೂಕ ಇಳಿಯದಿದ್ದಾಗ ಹೋಗುತ್ತಾರೆ, ಇಳಿದಾಗಲೂ ಹೋಗುತ್ತಾರೆ. ನನ್ನ ಜೊತೆ ಶುರು ಮಾಡಿದವರಲ್ಲಿ ಹೆಚ್ಚಿನವರು ಹಾಗೆಯೇ ಹೋದರು. ಪ್ರಾಣಿಗಳ ಪರವಾಗಿ ಸಂಶೋಧನೆ ಮಾಡುವ ಅಮೆರಿಕದ ಫಾನಲಿಟಿಕ್ಸ್ ಸಂಸ್ಥೆ 2014ರಲ್ಲಿ 11,000ಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ ಸಸ್ಯಾಹಾರಿ ಅಥವಾ ವೀಗನ್ ಆದವರಲ್ಲಿ ಶೇ. 84ರಷ್ಟು ಜನ ಬಿಟ್ಟು ಹಿಂದಕ್ಕೆ ಹೋಗಿದ್ದರು; ಬಿಟ್ಟವರಲ್ಲಿ ಅರ್ಧಕ್ಕೂ ಹೆಚ್ಚು ಜನ ಒಂದು ವರ್ಷವೂ ನಿಂತಿರಲಿಲ್ಲ. ಆ ಅಂಕಿ ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ಸಿಟ್ಟು ನನ್ನಲ್ಲೂ ಬೇಗ ಆರಿತು, ರಾತ್ರಿ ಊಟದ ಕೊನೆಗೆ ಅನ್ನ ಮಾತ್ರ ತಟ್ಟೆಯಲ್ಲಿ ಉಳಿಯಿತು. ಮೊಸರಿಲ್ಲದೆ ಊಟ ಮುಗಿಸುವುದು ಹೇಗೆ ಅಂತ ಆ ಪುಸ್ತಕದಲ್ಲಿ ಎಲ್ಲಿದೆ? ಚೀಸಿಗೆ ಬದಲಿ ಇದೆ, ಐಸ್‌ಕ್ರೀಮಿಗೆ ಇದೆ, ಬ್ರ್ಯಾಂಡ್ ಹೆಸರಿನ ಸಮೇತ. ಮೊಸರನ್ನ ಅವರಿಗೆ ಗೊತ್ತೇ ಇಲ್ಲ.

ನನ್ನನ್ನು ಉಳಿಸಿದ್ದು ಕಡಲೆಕಾಯಿ. ಒಂದು ಲೋಟ ಹಸಿ ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ತಳ ಹಿಡಿಯದ ಹಾಗೆ ಕೈಯಾಡಿಸುತ್ತ ಹಸಿವಾಸನೆ ಹೋಗುವವರೆಗೆ ಕುದಿಸಿ, ಉಗುರುಬೆಚ್ಚಗಾದ ಮೇಲೆ ತೊಟ್ಟು ಇರುವ ನಾಲ್ಕೈದು ಹಸಿಮೆಣಸಿನಕಾಯಿ ಮುಳುಗಿಸಿ ಮುಚ್ಚಿಡಬೇಕು. ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳೇ ಹೆಪ್ಪು. ಮೊದಲ ಸಲದ್ದು ನೀರುನೀರು, ಒಂಥರಾ ವಾಸನೆ. ಅದನ್ನು ಊಟಕ್ಕೆ ತರಬೇಡಿ, ಎರಡನೆಯದಕ್ಕೆ ಹೆಪ್ಪಾಗಿ ಬಳಸಿ. ಮೂರನೆಯದು ಚಮಚ ಹಾಕಿದರೆ ಗೀರು ನಿಲ್ಲುವ ಹಾಗೆ ಹೆಪ್ಪುಗಟ್ಟುತ್ತದೆ. ಸಾಸಿವೆ, ಇಂಗು, ಶುಂಠಿ ಒಗ್ಗರಣೆ ಬಿದ್ದ ಮೇಲೆ ಕಡಲೆಕಾಯಿಯ ಎಣ್ಣೆ ಎಣ್ಣೆ ರುಚಿ ಹಿಂದಕ್ಕೆ ಸರಿಯುತ್ತದೆ. ಮಜ್ಜಿಗೆಹುಳಿಗೂ ನಡೆಯುತ್ತದೆ, ಉರಿ ಸಣ್ಣದಿರಬೇಕು ಅಷ್ಟೇ.

ಕಾಫಿ ಇನ್ನೂ ಕಷ್ಟ ಕೊಟ್ಟಿತು. ಬಿಸಿ ಡಿಕಾಕ್ಷನ್ನಿಗೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ. ಕಾಫಿಯ ಹುಳಿ ಮತ್ತು ಶಾಖ ಸೇರಿ ಪ್ರೋಟೀನು ಗಂಟು ಕಟ್ಟುವುದು ಅದಕ್ಕೆ ಕಾರಣ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನವಾಗಿ ಬಿಡಬೇಕು.  ಸೋಯಾಕಾಳನ್ನು ಮನೆಯಲ್ಲೇ ರುಬ್ಬುವುದಾದರೆ ಕುದಿಯುವ ನೀರು ಹಾಕಿಯೇ ರುಬ್ಬಿ, ಆ ಹಸಿಕಾಳಿನ ನಾತ ಏಳುವುದಿಲ್ಲ.

ಉಳಿದದ್ದರಲ್ಲಿ ಬಹಳಷ್ಟು ಮೊದಲೇ ನಮ್ಮ ಮನೆಯಲ್ಲಿತ್ತು. ಬಸ್ಸಾರು-ಮುದ್ದೆ, ಹುರುಳಿ ಸಾರು, ಹಿತಕಿದಬೇಳೆ, ಜೋಳದ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ, ಒತ್ತುಶ್ಯಾವಿಗೆಗೆ ಕಾಯಿಹಾಲು. ತುಪ್ಪ ಬಡಿಸುವ ಕೈ ತಡೆದರೆ ಸಾಕು.

ಆರೋಗ್ಯದ ವಿಷಯದಲ್ಲಿ ಮಾತ್ರ ಆ ಪುಸ್ತಕದ ಗತ್ತನ್ನು ನಂಬಬೇಡಿ. ಹಾಲೇ ಮೂಳೆಗೆ ಶತ್ರು ಅನ್ನುವ ಧಾಟಿ ಅಲ್ಲಿದೆ. ಆದರೆ ಸುಮಾರು 55,000 ಜನರನ್ನು ವರ್ಷಗಟ್ಟಲೆ ಗಮನಿಸಿದ ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಹೇಳಿದ್ದು, ಮಾಂಸ ತಿನ್ನುವವರಿಗಿಂತ ವೀಗನ್‌ಗಳಿಗೆ ಮೂಳೆಮುರಿತದ ಅಪಾಯ ಶೇ. 43ರಷ್ಟು ಹೆಚ್ಚು ಅಂತ. ನಮಗೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಸುಮಾರು 120. ಆದರೆ ರಾಗಿಯಲ್ಲಿರುವ ಫೈಟೇಟ್ ಅನ್ನುವ ವಸ್ತು ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಮೊಳಕೆ ಕಟ್ಟಿ ಒಣಗಿಸಿದ ಹಿಟ್ಟು ವಾಸಿ. ಸಿಪ್ಪೆಯ ಸಮೇತ ಎಳ್ಳು ದಿನಾ ಒಂದಿಷ್ಟು ಹೋಗಲಿ. ಬಿ12 ವಿಟಮಿನ್ ಅಂತೂ ರಾಗಿಯಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ಅಮೆರಿಕದಲ್ಲಿ ಸೋಯಾ ಹಾಲಿಗೆ ಬೆರೆಸಿ ಮಾರುವುದು ಸಾಮಾನ್ಯ. ಇಲ್ಲಿ ಡಬ್ಬಿಯ ಹಿಂಬದಿ ಓದಿ ನೋಡಿ, ಎಷ್ಟೋ ಸಲ ಇರುವುದಿಲ್ಲ. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಇದರ ಕೊರತೆ ನಮ್ಮಲ್ಲಿ ಧಾರಾಳವಾಗಿದೆ. ಹಾಲನ್ನೂ ಬಿಟ್ಟರೆ ಮಾತ್ರೆ ಬೇಕೇ ಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಮೈಸೂರಿಗೆ ಮರಳಿದ ಮೇಲೆ ಆ ಪುಸ್ತಕವನ್ನು ಯಾರಿಗೂ ಓದಲು ಕೊಟ್ಟಿಲ್ಲ. ಹೆಸರಿನ ಮುಜುಗರ ಒಂದು ಕಡೆ ಇರಲಿ, ಅಮೆರಿಕದಲ್ಲಿ ಮಾಂಸ ತಿನ್ನುವವರಿಗೆ ಬೈದರೆ ಅದು ಬಹುಸಂಖ್ಯಾತರಿಗೆ ಬೈದಂತೆ. ಎಲ್ಲರಿಗೂ ಬಿದ್ದ ಏಟು ಯಾರಿಗೂ ಅಷ್ಟು ತಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮಾಂಸ ತಿನ್ನುವವರು ಇಲ್ಲೂ ಬಹುಸಂಖ್ಯಾತರೇ, ಆದರೂ ತಟ್ಟೆಯಲ್ಲಿ ಏನಿದೆ ಅಂತ ನೋಡಿ ಮನುಷ್ಯರನ್ನು ಕೆಳಗಿಟ್ಟ ಚರಿತ್ರೆ ನಮ್ಮದು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಎದ್ದ ಗಲಾಟೆ ನೆನಪಿರಬಹುದು. ಅಪೌಷ್ಟಿಕತೆಯಲ್ಲಿ ಬಳಲುವ ಮಗುವಿನ ತಟ್ಟೆಯ ಮುಂದೆ ನಿಂತು ‘ನೀನು ತಿನ್ನುತ್ತಿರುವುದು ಹೆಣ’ ಅನ್ನುವ ಪುಸ್ತಕದ ಭಾಷೆ ಕನ್ನಡದಲ್ಲಿ ಯಾರ ಬಾಯಿಂದ ಬರುತ್ತದೆ, ಯಾರ ಮೇಲೆ ಬೀಳುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನಾನು ಬಂದ ಮನೆಯಂಥ ಮನೆಗಳವರು ಬಾಯಿ ಮುಚ್ಚಿಕೊಂಡು ಮೊದಲು ತಮ್ಮ ತುಪ್ಪದ ಡಬ್ಬಿ ನೋಡಿಕೊಂಡರೆ ಒಳ್ಳೆಯದು. ಹಾಲಿನ ಅಧ್ಯಾಯವನ್ನಷ್ಟೇ ಹರಿದು ಅವರಿಗೆ ಹಂಚಬಹುದೇನೋ.

ಅತ್ತೆ ಪುಸ್ತಕದ ಒಂದಕ್ಷರವನ್ನೂ ಓದಿದವರಲ್ಲ. ಕಡಲೆಕಾಯಿ ಮೊಸರನ್ನು ಮೊದಲು ಮೂಸಿ ನೋಡಿ ಪಕ್ಕಕ್ಕಿಟ್ಟಿದ್ದರು. ಹಾಲು ಅವರಿಗೆ ಹೊಟ್ಟೆ ಉಬ್ಬರಿಸುತ್ತಿತ್ತು. ಈಗ ರಾತ್ರಿ ಹೊತ್ತು ಇದನ್ನೇ ಕಲಸಿಕೊಳ್ಳುತ್ತಾರೆ, ಬೆಳಗಿನ ಕಾಫಿಗೆ ಮಾತ್ರ ಹಸುವಿನ ಹಾಲೇ. ಆ ಬಗ್ಗೆ ನಾನು ಚಕಾರ ಎತ್ತಿಲ್ಲ.

ನನಗೆ ಇನ್ನೂ ದಕ್ಕದೆ ಉಳಿದಿರುವುದು ಮೈಸೂರು ಪಾಕು. ಕೊಬ್ಬರಿ ಎಣ್ಣೆ ಕಾಯಿಸಿ ಪಾಕಕ್ಕೆ ಸುರಿದರೆ ಗೂಡುಗೂಡಾಗಿ ಅರಳುವುದೇನೋ ಅರಳುತ್ತದೆ, ಮಂಗಳೂರಿನ ಗೆಳತಿಯಂತೂ ಎರಡು ತುಂಡು ಜಾಸ್ತಿಯೇ ತಿಂದಳು. ನಮ್ಮ ಮನೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು, “ಚೆನ್ನಾಗಿದೆ, ಆದರೆ ಇದಕ್ಕೆ ಬೇರೆ ಹೆಸರಿಡು” ಅಂದರು.